ಸೆರಗು ಸರಿಸಿದ ರಾಣಿ ಮತ್ತು ನಮ್ಮ ವಾಟ್ಸಾಪ್ ಗುಂಪು

2021ರ ಫೆಬ್ರವರಿಯ ಮೊದಲ ವಾರ. ಲೆಸ್ಟರಿನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಔಷಧದಂಗಡಿಯ ಕೌಂಟರಿನಲ್ಲಿ ದಿನವಿಡೀ ಮಾಸ್ಕ್ ಹಾಕಿಕೊಂಡು ನಿಂತು, ಮನೆಗೆ ಬಂದು, ಚಹಾದ ಲೋಟ ಹಿಡಿದು ಫೋನ್ ತೆಗೆದೆ. ನಮ್ಮೂರಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಉದ್ದನೆಯ ಸಂದೇಶ ಬಂದು ಕೂತಿತ್ತು. ಅದರ ತಲೆಯ ಮೇಲೆ ಎರಡು ಬಾಣದ ಗುರುತು. ಅಂದರೆ ಈಗಾಗಲೇ ಬಹಳ ಕೈ ದಾಟಿ ಬಂದದ್ದು. ಲಸಿಕೆಯನ್ನು ಕಂಡುಹಿಡಿದವರು ಇಂಗ್ಲಿಷರಲ್ಲವಂತೆ, ಸಾವಿರಾರು ವರ್ಷ ಹಿಂದೆಯೇ ಧನ್ವಂತರಿ 'ಶಾಕ್ತೇಯ ಗ್ರಂಥ'ದಲ್ಲಿ ಹಸುವಿನ ಕೆಚ್ಚಲಿನ ಗುಳ್ಳೆಯ ರಸವನ್ನು ತೋಳಿಗೆ ಚುಚ್ಚುವ ವಿಧಾನ ಬರೆದಿಟ್ಟಿದ್ದನಂತೆ. ಅಲ್ಲಿಂದ ಸಂದೇಶ ಒಂದು ಜಿಗಿತ ಹಾರಿ, ಇಂಥ ಪರಂಪರೆಯ ನಮಗೆ ಫೈಜರ್ ಯಾಕೆ, ಕಷಾಯ ಸಾಕು ಎಂದು ಮುಗಿದಿತ್ತು. ಕಳಿಸಿದವರು ಹಾಸನದ ಕಡೆಯ ಒಬ್ಬ ಇಂಜಿನಿಯರ್. ಓದಿದವರು, ಯಾರಿಗೂ ಕೆಟ್ಟದ್ದು ಬಯಸದವರು.

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲೇ, ಎಲ್ಲರೆದುರು, 'ಇದು ಶುದ್ಧ ಸುಳ್ಳು, ದಯವಿಟ್ಟು ಇಂಥದ್ದನ್ನು ಹರಡಬೇಡಿ' ಎಂದು ಬರೆದು, ಅದರ ಕೆಳಗೆ ನಾಲ್ಕು ಲಿಂಕ್ ಅಂಟಿಸಿದೆ. ಹತ್ತು ನಿಮಿಷದಲ್ಲಿ ಅವರು ಗುಂಪು ಬಿಟ್ಟು ಹೋದರು. ಯಾರೂ ಏನೂ ಅನ್ನಲಿಲ್ಲ. ಮಾರನೆಯ ದಿನ ಗುಂಪಿನಲ್ಲಿ ಅವರೆಕಾಳಿನ ಸಾರಿನ ಫೋಟೋ ಬಂತು, ಎಲ್ಲರೂ ಅದಕ್ಕೆ ಚಪ್ಪಾಳೆ ಒತ್ತಿದರು. ಗೆದ್ದೆನೆಂದುಕೊಳ್ಳಲು ಎರಡು ದಿನ ಪ್ರಯತ್ನಿಸಿದೆ, ಆಗಲಿಲ್ಲ.

ಮೂರನೆಯ ದಿನ ಆ 'ಶಾಕ್ತೇಯ ಗ್ರಂಥ' ಎಂಬ ಹೆಸರೇ ತಲೆ ಕೊರೆಯತೊಡಗಿತು. ಪೂರ್ತಿ ಸುಳ್ಳಾದರೆ ಇಷ್ಟು ನಿಖರವಾದ ಹೆಸರು ಎಲ್ಲಿಂದ ಬಂತು? ಹುಡುಕಿ ಹೊರಟವಳಿಗೆ ಸಿಕ್ಕ ಕಥೆ ನಾನೆಣಿಸಿದ್ದಕ್ಕಿಂತ ಬಹಳ ಹಳೆಯದು. ಆ ಸುಳ್ಳನ್ನು ಹುಟ್ಟುಹಾಕಿದವರು ಲಸಿಕೆಯ ವಿರೋಧಿಗಳಲ್ಲ, ಲಸಿಕೆಯ ಪರವಾದವರು!

ಎಡ್ವರ್ಡ್ ಜೆನ್ನರ್ ಎಂಬ ಹಳ್ಳಿ ವೈದ್ಯ ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಹಸುವಿನ ಸಿಡುಬಿನ ರಸ ಹಾಕಿದ್ದು 1796ರ ಮೇ 14ರಂದು, ನಮ್ಮ ಲೆಸ್ಟರಿನಿಂದ ನೈಋತ್ಯಕ್ಕೆ ಎರಡು-ಮೂರು ತಾಸಿನ ಹಾದಿಯ ಬರ್ಕ್ಲಿಯಲ್ಲಿ. ಆರು ವರ್ಷದಲ್ಲಿ ಅದು ಭಾರತಕ್ಕೆ ಬಂತು. ಹೇಗೆ ಬಂತೆಂಬುದೇ ಒಂದು ಸೋಜಿಗ. ಆಗ ಶೀತಲ ಪೆಟ್ಟಿಗೆಗಳಿರಲಿಲ್ಲ, ರಸ ಬೇಗ ಒಣಗಿ ಸತ್ವ ಕಳೆದುಕೊಳ್ಳುತ್ತಿತ್ತು. ಆದ್ದರಿಂದ ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಮತ್ತೊಬ್ಬರ ತೋಳಿಗೆ, ಅಲ್ಲಿಂದ ಇನ್ನೊಬ್ಬರಿಗೆ, ಹೀಗೆ ತೋಳಿನಿಂದ ತೋಳಿಗೆ ದಾಟಿಸುತ್ತ ಬಾಗ್ದಾದ್, ಬಸ್ರಾಗಳ ಮೂಲಕ ಹಡಗಿನಲ್ಲಿ ಮುಂಬಯಿಗೆ ತಂದರು. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು ಭಾರತದಲ್ಲಿ ಮೊದಲ ಲಸಿಕೆ ಪಡೆಯಿತು. ಮುಂದಿನ ವಾರ ಅವಳ ತೋಳಿನಿಂದ ಐದು ಮಕ್ಕಳಿಗೆ. ವಾಟ್ಸಾಪಿನವರು ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸಬಹುದೆಂದು ಮಿತಿ ಹಾಕಿದ್ದು ನೆನಪಾಗಿ ನಗು ಬಂತು.

ಆದರೆ ಜನ ಹೆದರಿದರು. ಯಾವ ಜಾತಿಯ ಮಗುವಿನ ತೋಳಿನ ರಸವೋ? ಗೋವಿನ ಮೈಯ ಕೊಳೆಯೋ? ಅಮ್ಮ ಮುನಿದರೆ ಏನು ಗತಿ? ನಮ್ಮಲ್ಲಿ ಮೈಲಿ ಬೇನೆಯನ್ನು ರೋಗವೆಂದು ಕರೆಯುವುದಕ್ಕೇ ಅಂಜುತ್ತಿದ್ದರು, ದೇವಿ ಬಂದಳೆನ್ನುತ್ತಿದ್ದರು. ಇದನ್ನೆಲ್ಲ ನೋಡಿದ ಮದರಾಸಿನ ಅಧಿಕಾರಿಯೊಬ್ಬ ಒಂದು ಉಪಾಯ ಮಾಡಿದ. ಅವನು ಫ್ರಾನ್ಸಿಸ್ ವೈಟ್ ಎಲ್ಲಿಸ್. ಭಾಷಾಶಾಸ್ತ್ರ ಓದಿದವರಿಗೆ ಹೆಸರು ಗೊತ್ತಿರುತ್ತದೆ. ಕನ್ನಡ, ತಮಿಳು, ತೆಲುಗುಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದ್ದೇ ಬೇರೆ ಕುಟುಂಬ ಎಂದು ಕಾಲ್ಡ್‌ವೆಲ್‌ಗಿಂತ ನಲವತ್ತು ವರ್ಷ ಮೊದಲು, 1816ರಲ್ಲಿ, ಆಧಾರ ಸಹಿತ ವಾದಿಸಿದವನು. ಅಷ್ಟು ದೊಡ್ಡ ವಿದ್ವಾಂಸ. ಅವನು ಲಸಿಕೆಯ ಬಗ್ಗೆ ತಾನೇ ಒಂದು ಸಂಸ್ಕೃತ ಪದ್ಯ ರಚಿಸಿ, ಹಳೆಯ ಕಾಗದದ ಮೇಲೆ ಬರೆಸಿ, ಎಲ್ಲೋ ಸಿಕ್ಕ ಪ್ರಾಚೀನ ಕೃತಿಯೆಂದು ಹೇಳಿಸಿದ. ಬ್ರಾಹ್ಮಣರು ಒಪ್ಪಿದರೆ ಉಳಿದವರೂ ಒಪ್ಪುತ್ತಾರೆಂಬುದು ಲೆಕ್ಕಾಚಾರ. 1819ರ ಜನವರಿಯಲ್ಲಿ 'ಮದ್ರಾಸ್ ಕೊರಿಯರ್' ಪತ್ರಿಕೆಯಲ್ಲಿ ಒಂದು ಪತ್ರವೂ ಬಂತು. ಬರೆದವರ ಹೆಸರು 'ಕಲ್ವಿ ವಿರುಂಬೋನ್', ತಮಿಳಿನಲ್ಲಿ 'ವಿದ್ಯಾಪ್ರಿಯ' ಎಂದಂತೆ. ಹಸುವಿನ ಕೆಚ್ಚಲಿನ ರಸ, ಸೂಜಿಮೊನೆ, ತೋಳು ಎಲ್ಲವೂ ಧನ್ವಂತರಿಯ ಶಾಕ್ತೇಯ ಗ್ರಂಥದಲ್ಲಿದೆ ಎಂದು ಹೇಳಿದ್ದು ಆ ಪತ್ರ. ಅದೇ ಊರು, ಅದೇ ಕಾಲ, ಅದೇ ತಂತ್ರ. ಎರಡಕ್ಕೂ ನಂಟಿದೆಯೆಂದು ನನಗಂತೂ ಅನಿಸುತ್ತದೆ. ಆ ಗ್ರಂಥ ಮಾತ್ರ ಹುಡುಕಿದ ವಿದ್ವಾಂಸರ ಕೈಗೆ ಸಿಕ್ಕಿಲ್ಲ. ಸಂಸ್ಕೃತ ವೈದ್ಯಗ್ರಂಥಗಳನ್ನು ಬಲ್ಲ ಡೊಮಿನಿಕ್ ವುಜಾಸ್ಟಿಕ್ 1987ರಲ್ಲಿ ಈ ಇಡೀ ಪ್ರಕರಣವನ್ನು ಬಿಡಿಸಿಟ್ಟು, ಅದನ್ನು ಒಂದು ಪುಣ್ಯದ ಮೋಸವೆಂದು ಕರೆದಿದ್ದಾರೆ.

ಆದರೆ ಆಗಲೇ ತಡವಾಗಿತ್ತು. ಪತ್ರಿಕೆಯಿಂದ ಪುಸ್ತಕಕ್ಕೆ, ಮದರಾಸಿನಿಂದ ಯೂರೋಪಿಗೆ, ಅಲ್ಲಿಂದ ತಿರುಗಿ ನಮ್ಮ ಹೆಮ್ಮೆಯ ಲೇಖನಗಳಿಗೆ ಅದು ಸುತ್ತಾಡಿತ್ತು. ಜನ ಲಸಿಕೆ ಹಾಕಿಸಿಕೊಳ್ಳಲಿ ಎಂದು ಹೇಳಿದ ಸುಳ್ಳು, ಇನ್ನೂರು ವರ್ಷದ ಮೇಲೆ ಲಸಿಕೆ ಬೇಡ ಎನ್ನುವ ಸಂದೇಶವಾಗಿ ನನ್ನ ಫೋನಿಗೆ ಬಂದು ಬಿತ್ತು.

ಬೇಸರದ ಸಂಗತಿಯೆಂದರೆ, ಹೆಮ್ಮೆಪಡಲು ನಿಜವೇ ಸಾಕಿತ್ತು. ಹಸುವಿನದ್ದಲ್ಲದಿದ್ದರೂ, ಮನುಷ್ಯರ ಸಿಡುಬಿನ ರಸವನ್ನೇ ಸ್ವಲ್ಪ ಚುಚ್ಚಿ ರೋಗ ತಡೆಯುವ ಪದ್ಧತಿ ಬಂಗಾಳದ ಕಡೆ ಜೆನ್ನರ್ ಹುಟ್ಟುವ ಮೊದಲಿನಿಂದಲೂ ಇತ್ತು. ಅಲ್ಲಿ ಕೆಲಸ ಮಾಡಿದ್ದ ಹಾಲ್ವೆಲ್ ಎಂಬಾತ 1767ರಲ್ಲಿ ಅದನ್ನು ವಿವರವಾಗಿ ಬರೆದು ಲಂಡನ್ನಿನ ವೈದ್ಯರ ಮುಂದಿಟ್ಟಿದ್ದ. ಅದಕ್ಕೆ ಧನ್ವಂತರಿಯ ಸಹಿ ಬೇಕಿರಲಿಲ್ಲ.

ಎಲ್ಲಿಸ್ ಪದ್ಯ ಹೊಸೆಯುತ್ತಿದ್ದ ಕಾಲದಲ್ಲೇ ನಮ್ಮ ಮೈಸೂರಿನಲ್ಲಿ ಇನ್ನೊಂದು ಬಗೆಯ ಪ್ರಚಾರ ನಡೆದಿತ್ತು. ಟಿಪ್ಪು ಸತ್ತು ಆರು ವರ್ಷ. ಕಂಪನಿ ಮತ್ತೆ ಒಡೆಯರನ್ನು ಗದ್ದುಗೆಗೆ ತಂದಿದೆ. 1805ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮದುವೆಯಾಗಲು ದೇವಾಜಮ್ಮಣ್ಣಿ ಅರಮನೆಗೆ ಬಂದಳು. ಇಬ್ಬರಿಗೂ ಹನ್ನೆರಡು ವರ್ಷ. ಆ ಹೊತ್ತಿನಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ಮೂವರು ಹೆಂಗಸರ ಒಂದು ತೈಲಚಿತ್ರ ಬರೆದ. ಬಹುಕಾಲ ಅದನ್ನು ಯಾರೋ ನರ್ತಕಿಯರ ಚಿತ್ರ ಎಂದುಕೊಂಡಿದ್ದರು. ಕೇಂಬ್ರಿಡ್ಜಿನ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅದು ಮೈಸೂರು ರಾಣಿವಾಸವೆಂದು ವಾದಿಸಿದರು. ಅವರ ಪ್ರಕಾರ ಬಲಗಡೆ ಸೆರಗು ಸರಿಸಿ ಎಡತೋಳು ತೋರುತ್ತಿರುವವಳು ದೇವಾಜಮ್ಮಣ್ಣಿ, ಹೊಸ ಲಸಿಕೆ ಹಾಕಿಸಿಕೊಂಡವಳು. ಎಡಗಡೆಯವಳು ಅದೇ ಹೆಸರಿನ ಹಿರಿಯ ರಾಣಿ. ಅವಳ ಮೂಗಿನ ಕೆಳಗೆ, ಬಾಯಿಯ ಸುತ್ತ ಬಣ್ಣ ಮಾಸಿದೆ. ಹಳೆಯ ಪದ್ಧತಿಯ ಗುರುತು ಅದು. ನಡುವೆ ನಿಂತವರು ಲಕ್ಷ್ಮಮ್ಮಣ್ಣಿ. ಅವರ ಗಂಡ ತೀರಿಕೊಂಡದ್ದೇ ಸಿಡುಬಿನಿಂದ.

ಈ ಗುರುತಿಸುವಿಕೆಯನ್ನು ಒಪ್ಪದವರು ಇರಬಹುದು. ಆದರೆ ರಾಣಿ ಲಸಿಕೆ ಪಡೆದದ್ದರಿಂದ ಜನರೂ ಮುಂದೆ ಬಂದರೆಂದು 1806ರ ಜುಲೈನ ಆಸ್ಥಾನದ ದಾಖಲೆಯಲ್ಲಿದೆಯಂತೆ. ಕಂಪನಿಗೆ ತನ್ನ ಲೆಕ್ಕಾಚಾರವಿತ್ತು, ಸಂಶಯವಿಲ್ಲ. ಹನ್ನೆರಡರ ಹುಡುಗಿಯನ್ನು ಯಾರು ಕೇಳಿ ತೋಳು ಹಿಡಿದರೋ ಅದೂ ಗೊತ್ತಿಲ್ಲ. ಅಂತಃಪುರದ ಹೆಣ್ಣು ಪರದೇಶಿ ಚಿತ್ರಕಾರನ ಎದುರು ಸೆರಗು ಸರಿಸಿದ್ದು ಆ ಕಾಲಕ್ಕೆ ಸಣ್ಣ ಮಾತೂ ಅಲ್ಲ. ಆದರೆ ಆ ಚಿತ್ರದಲ್ಲಿ ಸುಳ್ಳಿಲ್ಲ. ಇದು ನನ್ನ ತೋಳು, ಇಲ್ಲಿ ಹಾಕಿಸಿಕೊಂಡೆ, ಬದುಕಿದ್ದೇನೆ; ಅಷ್ಟೇ. ಆ ತೈಲಚಿತ್ರವನ್ನು ಮೈಸೂರಿನ ಯಾವ ರೈತನೂ ನೋಡಿರಲಾರ. ಆದರೆ 'ರಾಣಿಯವರೇ ಹಾಕಿಸಿಕೊಂಡರಂತೆ' ಎಂಬ ಮಾತಿಗೆ ಚೌಕಟ್ಟು ಬೇಕಿರಲಿಲ್ಲ.

ಇಷ್ಟು ಓದಿ ನಾನು ಲೆಸ್ಟರಿಗೆ ವಾಪಸು ಬರಬೇಕಾಯಿತು. ಯಾಕೆಂದರೆ ಈ ವಿಷಯದಲ್ಲಿ ನಾನಿರುವ ಊರಿನ ಖ್ಯಾತಿಯೂ ಕಡಿಮೆಯದಲ್ಲ. 1853ರಲ್ಲಿ ಇಂಗ್ಲೆಂಡಿನಲ್ಲಿ ಎಳೆ ಮಕ್ಕಳಿಗೆ ಸಿಡುಬಿನ ಲಸಿಕೆ ಕಡ್ಡಾಯವಾಯಿತು. ಆಮೇಲೆ ದಂಡ ಬಿಗಿಯಾಯಿತು. ದಂಡ ಕಟ್ಟದಿದ್ದರೆ ಮನೆಯ ಸಾಮಾನು ಜಪ್ತಿ, ಇಲ್ಲವೇ ಜೈಲು. ಕಾಲುಚೀಲ, ಬೂಟು ಹೊಲಿಯುವ ಕೂಲಿಗಳ ಊರಾದ ಲೆಸ್ಟರಿನಲ್ಲಿ 1881ರ ಹೊತ್ತಿಗೆ ಒಂದೇ ವರ್ಷ ಸಾವಿರಕ್ಕೂ ಮೀರಿ ಮೊಕದ್ದಮೆಗಳು. 1885ರ ಮಾರ್ಚ್ 23ರಂದು ಇಲ್ಲಿ ನಡೆದ ಮೆರವಣಿಗೆಗೆ ಎಂಬತ್ತು ಸಾವಿರದಿಂದ ಲಕ್ಷ ಜನ ಸೇರಿದ್ದರೆಂದು ಅಂದಾಜು. ಮಗುವಿನ ಶವಪೆಟ್ಟಿಗೆ ಹೊತ್ತು ನಡೆದರು, ಜೆನ್ನರನ ಪ್ರತಿಕೃತಿಯನ್ನು ಗಲ್ಲಿಗೇರಿಸಿದರು.

ಔಷಧ ಓದಿದವಳಾಗಿ ನಾನು ಮೊದಲು ಅವರನ್ನು ಮೂಢರ ಸಾಲಿಗೆ ಸೇರಿಸಿದ್ದೆ. ಓದುತ್ತ ಹೋದಂತೆ ಅಷ್ಟು ಸುಲಭವಲ್ಲ ಎನಿಸಿತು. ಆಗಿನ ಲಸಿಕೆಯೂ ತೋಳಿನಿಂದ ತೋಳಿಗೇ ಹೋಗುತ್ತಿತ್ತು. ಅದರ ಜೊತೆಗೆ ಸಿಫಿಲಿಸ್ ದಾಟಿದ ಪ್ರಕರಣಗಳು ನಿಜವಾಗಿಯೂ ಇದ್ದವು. ಗಾಯ ಕೀವುಗಟ್ಟಿ ಸತ್ತ ಮಕ್ಕಳಿದ್ದರು. ಅದನ್ನು ಹೇಳಿಕೊಂಡರೆ ಕೇಳುವವರಿರಲಿಲ್ಲ, ದಂಡದ ಚೀಟಿ ಬರುತ್ತಿತ್ತು. ಜೊತೆಗೆ ಲೆಸ್ಟರಿನವರು ಬರೀ ಕೂಗಾಡಲಿಲ್ಲ. ರೋಗಿ ಕಂಡ ಕೂಡಲೇ ತಿಳಿಸುವುದು, ಆಸ್ಪತ್ರೆಯಲ್ಲಿ ಪ್ರತ್ಯೇಕಿಸುವುದು, ಜೊತೆಯಲ್ಲಿದ್ದವರನ್ನು ಬೇರೆ ಇರಿಸಿ ನೋಡಿಕೊಳ್ಳುವುದು, ಮನೆ ಶುಚಿಗೊಳಿಸುವುದು ಇವುಗಳ ಒಂದು ಕ್ರಮ ಕಟ್ಟಿದರು. 'ಲೆಸ್ಟರ್ ವಿಧಾನ' ಎಂದೇ ಅದಕ್ಕೆ ಹೆಸರು. ಕೊನೆಗೆ 1898ರ ಕಾಯಿದೆಯಲ್ಲಿ ಮನಸ್ಸಾಕ್ಷಿಯ ಆಧಾರದ ಮೇಲೆ ವಿನಾಯಿತಿ ಬಂತು, ತೋಳಿನಿಂದ ತೋಳಿಗೆ ಹಾಕುವುದು ನಿಂತು ಕರುವಿನ ಶುದ್ಧ ರಸ ಬಂತು. ಎಂದರೆ ಆ ಮೆರವಣಿಗೆಯ ಗದ್ದಲದೊಳಗೆ ಒಂದು ನ್ಯಾಯವಾದ ಪ್ರಶ್ನೆ ಇತ್ತು, ಉತ್ತರ ಬರಲು ದಶಕಗಳೇ ಬೇಕಾದವು. ಅವರ ಎಲ್ಲ ಮಾತನ್ನೂ ನಾನು ಒಪ್ಪುತ್ತಿಲ್ಲ. ಸಿಡುಬು ಭೂಮಿಯಿಂದ ಹೋದದ್ದು ಲಸಿಕೆಯಿಂದ. ಆದರೆ ಕೊನೆಯ ಹಂತದಲ್ಲಿ ಅದನ್ನು ಮೂಲೆಗೆ ತಳ್ಳಿದ್ದು ಲಸಿಕೆ ಮತ್ತು ಲೆಸ್ಟರಿನಂಥದೇ ಹುಡುಕಾಟ, ಪ್ರತ್ಯೇಕನೆ ಎರಡೂ ಸೇರಿ.

ಆ ಹುಡುಕಾಟ ನಮ್ಮೂರಿಗೂ ಬಂದಿತ್ತು. ಸಾಗರದ ಹತ್ತಿರದ ನಮ್ಮ ಹಳ್ಳಿಗೆ 1970ರ ದಶಕದಲ್ಲಿ ಒಬ್ಬ ಕಾರ್ಯಕರ್ತ ಸೈಕಲ್ಲಿನಲ್ಲಿ ಬಂದು, ಮೈತುಂಬ ಗುಳ್ಳೆಯೆದ್ದ ಮಗುವಿನ ಫೋಟೋ ಇದ್ದ ಕಾರ್ಡನ್ನು ಮನೆಮನೆಗೆ ತೋರಿಸಿ, ಇಂಥವರನ್ನು ಕಂಡಿರಾ ಎಂದು ಕೇಳುತ್ತಿದ್ದುದು ನನ್ನ ಅಮ್ಮನಿಗೆ ನೆನಪಿದೆ. ಅಜ್ಜಿ ಆ ಚಿತ್ರ ನೋಡಬೇಡವೆಂದು ಸೆರಗು ಮುಚ್ಚುತ್ತಿದ್ದಳಂತೆ. ಓದು ಬಾರದವರಿಗೂ ಅರ್ಥವಾಗುವ ಒಂದು ಚಿತ್ರ, ಒಂದೇ ಪ್ರಶ್ನೆ, ಸುದ್ದಿ ಕೊಟ್ಟವರಿಗೆ ಬಹುಮಾನ. ದೇಶದ ಕೊನೆಯ ರೋಗಿ ಕಂಡದ್ದು 1975ರ ಮೇನಲ್ಲಿ. ಆಮೇಲೆ ಬಹುಮಾನ ಸಾವಿರ ರೂಪಾಯಿಗೆ ಏರಿತು. ಆಗಿನ ಸಾವಿರ!

ಇನ್ನು ನಮ್ಮ ಕಾಲದ ಲೆಸ್ಟರ್. 2020ರ ಜೂನ್ 29ರಂದು, ಬ್ರಿಟನ್ನಿನ ಉಳಿದೆಡೆ ಅಂಗಡಿಗಳು ತೆರೆಯುತ್ತಿದ್ದಾಗ, ನಮ್ಮೂರಿಗೆ ಮಾತ್ರ ಮತ್ತೆ ಬೀಗ ಎಂದು ಘೋಷಣೆಯಾಯಿತು. ದೇಶದ ಮೊದಲ ಸ್ಥಳೀಯ ಲಾಕ್‌ಡೌನ್. ಜನಗಣತಿಯ ಪ್ರಕಾರ ಇಲ್ಲಿ ನೂರಕ್ಕೆ ನಲವತ್ಮೂರು ಜನ ಏಷ್ಯಾ ಮೂಲದವರು. 'ಇವರಿಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಹೀಗೆ' ಎಂಬ ಮಾತು ಅಲ್ಲಲ್ಲಿ ಕೇಳಿಬಂತು. ಗುಜರಾತಿಯಲ್ಲಿ, ಪಂಜಾಬಿಯಲ್ಲಿ, ಬಂಗಾಳಿಯಲ್ಲಿ ಕರಪತ್ರಗಳು ಬಂದವು. ನನ್ನ ಕೌಂಟರಿಗೆ ಬರುತ್ತಿದ್ದ ಹೊಲಿಗೆ ಕಾರ್ಖಾನೆಯ ಹೆಂಗಸೊಬ್ಬರು ಆ ಕರಪತ್ರವನ್ನು ನನಗೇ ಓದಿ ಹೇಳಿದರು, ಸ್ಪಷ್ಟವಾಗಿ. ಲಕ್ಷಣವಿದ್ದರೆ ಮನೆಯಲ್ಲಿರಿ. ಆಮೇಲೆ ಕೇಳಿದರು, 'ಬಾಡಿಗೆ?' ಆಗ ಕಾನೂನಿನಂತೆ ಸಿಗುತ್ತಿದ್ದ ಕಾಯಿಲೆಯ ಭತ್ಯೆ ವಾರಕ್ಕೆ 95.85 ಪೌಂಡ್. ಅವರಿಗೆ ಓದಲು ಬರುತ್ತಿತ್ತು, ಗೂಗಲ್ ಬರುತ್ತಿತ್ತು, ಫೇಸ್‌ಬುಕ್ ಬರುತ್ತಿತ್ತು. ಕರಪತ್ರದಲ್ಲಿ ಬಾಡಿಗೆಯ ಮಾತಿರಲಿಲ್ಲ.

ಈ ಊರಿಗೂ ಜನರಿಗೂ ಸೂಚನೆಗಳ ವಿಷಯದಲ್ಲಿ ಒಂದು ಹಳೆಯ ತಮಾಷೆಯಿದೆ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಏಷ್ಯನ್ನರನ್ನು ಓಡಿಸಿದಾಗ ಲೆಸ್ಟರಿನ ನಗರಸಭೆ ಅಲ್ಲಿನ 'ಉಗಾಂಡ ಆರ್ಗಸ್' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ, ಇಲ್ಲಿಗೆ ಬರಬೇಡಿ ಎಂದಿತ್ತು. ಆ ಜಾಹೀರಾತು ನೋಡಿದ ಮೇಲೇ ಲೆಸ್ಟರ್ ಎಂಬ ಊರಿದೆಯೆಂದು ಗೊತ್ತಾಯಿತು ಎಂದು ನಗುತ್ತ ಹೇಳುವ ಹಿರಿಯರು ಬೆಲ್‌ಗ್ರೇವ್ ರಸ್ತೆಯಲ್ಲಿ ಈಗಲೂ ಇದ್ದಾರೆ.

ಡಿಸೆಂಬರ್ 8ರಂದು ಪಕ್ಕದ ಕಾವೆಂಟ್ರಿಯಲ್ಲಿ ಮಾರ್ಗರೆಟ್ ಕೀನನ್ ಎಂಬ ತೊಂಬತ್ತರ ಅಜ್ಜಿ ಮೊದಲ ಲಸಿಕೆ ಪಡೆದರು. ಜನವರಿಯಲ್ಲಿ ಸರ್ಕಾರದ ವಿಜ್ಞಾನ ಸಲಹೆಗಾರರು ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಕಪ್ಪು ಸಮುದಾಯದ 72 ಪ್ರತಿಶತ ಜನ ಲಸಿಕೆ ಹಾಕಿಸಿಕೊಳ್ಳುವುದು ಅನುಮಾನ ಎಂದಿದ್ದರು. ಏಷ್ಯನ್ನರಲ್ಲೂ ಹಿಂಜರಿಕೆ ಕಂಡಿತ್ತು. ಲಸಿಕೆಯಲ್ಲಿ ಹಂದಿಯ ಕೊಬ್ಬಿದೆ, ದನದ ಅಂಶವಿದೆ, ಡಿಎನ್ಎ ಬದಲಾಗುತ್ತದೆ, ಮಕ್ಕಳಾಗುವುದಿಲ್ಲ: ದಿನಕ್ಕೊಂದು. ಏಷ್ಯನ್ ನಟರು, ಹಾಸ್ಯಗಾರರು ಸೇರಿ ವಿಡಿಯೋ ಮಾಡಿದರು. ಬರ್ಮಿಂಗ್‌ಹ್ಯಾಮಿನ ಅಲ್-ಅಬ್ಬಾಸ್ ಮಸೀದಿ ಲಸಿಕಾ ಕೇಂದ್ರವಾಯಿತು. ಒಳ್ಳೆಯ ಕೆಲಸಗಳೇ. ಆದರೆ ಅವೆಲ್ಲ ನಮ್ಮ ಚಿಕ್ಕ ಕನ್ನಡ ಗುಂಪಿನ ತಲೆಯ ಮೇಲಿಂದ ಹಾರಿ ಹೋದವು. ಹಿಂದಿ, ಗುಜರಾತಿಗಳ ಮಹಾಸಾಗರದಲ್ಲಿ ನಮ್ಮದು ಒಂದು ಲೋಟ ನೀರು. ನಾವೆಲ್ಲ ಇಂಗ್ಲಿಷ್ ಬಲ್ಲ ಇಂಜಿನಿಯರ್, ಡಾಕ್ಟರುಗಳೆಂದು ಲೆಕ್ಕ. ನಮ್ಮ ಮನೆಯೊಳಗೆ ಕೂತಿರುವ ಅಪ್ಪ ಅಮ್ಮಂದಿರು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇಷ್ಟೆಲ್ಲ ಓದಿಕೊಂಡ ಮೇಲೆ, ವಾರ ಕಳೆದು, ಆ ಇಂಜಿನಿಯರಿಗೆ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ ಎಲ್ಲಿಸ್‌ನ ಕಥೆ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. ಅಲ್ಲಿಗೇ ನಿಲ್ಲಿಸುತ್ತಿದ್ದೆನೇನೋ. ಆದರೆ ಅವರೇ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೇಡಂ, ಅಮ್ಮ ಇಲ್ಲೇ ಇದ್ದಾರೆ' ಎಂದರು.

ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ. ಮೊಮ್ಮಗಳ ಬಾಣಂತನಕ್ಕೆಂದು 2020ರ ಫೆಬ್ರವರಿಯಲ್ಲಿ ಬಂದವರು, ಮಾರ್ಚಿನಲ್ಲಿ ವಿಮಾನ ನಿಂತು ಇಲ್ಲೇ ಸಿಕ್ಕಿಕೊಂಡಿದ್ದರು. ವಿಮಾನ ಮತ್ತೆ ಶುರುವಾದ ಮೇಲೂ ಹತ್ತು ತಾಸು ಮುಚ್ಚಿದ ವಿಮಾನದಲ್ಲಿ ಕೂರಿಸಲು ಮಗ ಹೆದರಿದ್ದರು. ವೀಸಾ ಮುಗಿದಿತ್ತು, ವಿಸ್ತರಣೆಯ ಪತ್ರಗಳ ಮೇಲೆ ದಿನ ದೂಡುತ್ತಿದ್ದರು. ಯಾವ ವೈದ್ಯರಲ್ಲೂ ಹೆಸರು ನೋಂದಾಯಿಸಿರಲಿಲ್ಲ. ಪ್ರವಾಸಿಗರಿಗೆ ಇಲ್ಲಿ ಆಸ್ಪತ್ರೆಯ ಬಿಲ್ಲು ಮಾಮೂಲಿ ದರದ ಒಂದೂವರೆ ಪಟ್ಟು. ಅದು ಸುಳ್ಳಲ್ಲ, ನಿಯಮವೇ ಹಾಗಿದೆ. ನೋಂದಾಯಿಸಲು ಹೋದರೆ ಬಿಲ್ಲು ಬರುತ್ತದೆ, ವೀಸಾದವರಿಗೆ ಸುದ್ದಿ ಹೋಗುತ್ತದೆ ಎಂದು ಗಂಡ ಹೆಂಡತಿ ರಾತ್ರಿಯೆಲ್ಲ ಚರ್ಚಿಸಿ, ಬಾಗಿಲು ಹಾಕಿಕೊಂಡು ಕೂತಿದ್ದರು. ಅಮ್ಮ ಮಾತ್ರ ಟೀವಿ ನೋಡಿ ದಿನವೂ ಕೇಳುತ್ತಿದ್ದರಂತೆ, ನನಗೆ ಯಾವಾಗ ಸೂಜಿ ಎಂದು. ಕೊಡಿಸಲಾಗದ ಮಗನಿಗೆ 'ಅದು ಬೇಕಾಗಿಯೇ ಇಲ್ಲ' ಎನ್ನುವ ಧನ್ವಂತರಿ ಸಿಕ್ಕಿದ್ದ.

ನಾನು ಅಂಟಿಸಿದ ನಾಲ್ಕು ಲಿಂಕುಗಳಲ್ಲಿ ಒಂದೂ ಬಿಲ್ಲಿನ ಬಗ್ಗೆ, ವೀಸಾದ ಬಗ್ಗೆ ಮಾತಾಡುತ್ತಿರಲಿಲ್ಲ.

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಕುಟುಂಬ ವೈದ್ಯರಲ್ಲಿ ಯಾರು ಬೇಕಾದರೂ ನೋಂದಾಯಿಸಬಹುದು, ವೀಸಾ ಕೇಳಬೇಕಾಗಿಲ್ಲ. ಕೋವಿಡ್ ಲಸಿಕೆ, ಪರೀಕ್ಷೆ, ಚಿಕಿತ್ಸೆ ಎಲ್ಲರಿಗೂ ಉಚಿತ. ಅದೇ ಫೆಬ್ರವರಿಯಲ್ಲಿ ಸರ್ಕಾರವೇ ಅದನ್ನು ಇನ್ನೊಮ್ಮೆ ಸ್ಪಷ್ಟಪಡಿಸಿತ್ತು. ಆದರೂ ಮೊದಲ ಸಲ ಹೋದ ಚಿಕಿತ್ಸಾಲಯದ ಮುಂಗಟ್ಟೆಯಲ್ಲಿ ವಿಳಾಸದ ಪುರಾವೆ ಇಲ್ಲವೆಂದು ವಾಪಸು ಕಳಿಸಿದರು. ಎರಡನೆಯ ಸಲ ನಿಯಮದ ಪುಟವನ್ನು ಅಚ್ಚು ಹಾಕಿ ಕೈಗೆ ಕೊಟ್ಟು ಕಳಿಸಿದೆ. ಆಯಿತು. ಆ ಕಾಗದ ಇಂಗ್ಲಿಷಿನಲ್ಲಿದ್ದದ್ದೇ ಒಳ್ಳೆಯದಾಯಿತು. ಅದನ್ನು ಓದಬೇಕಾಗಿದ್ದವರು ನಮ್ಮವರಲ್ಲ.

ಮಾರ್ಚಿನ ಒಂದು ಮಧ್ಯಾಹ್ನ ಇಂಜಿನಿಯರ್ ಗುಂಪಿಗೆ ಮರಳಿದರು. ಜೊತೆಗೊಂದು ಫೋಟೋ. ದಪ್ಪ ಸ್ವೆಟರಿನ ತೋಳು ಮೇಲೆತ್ತಿ, ಇಳಕಲ್ ಸೀರೆಯ ಸೆರಗು ಒಂದು ಕಡೆ ಸರಿಸಿ, ಅಮ್ಮ ಹತ್ತಿಯ ತುಣುಕಿನ ಕಡೆ ಬೆರಳು ತೋರಿಸುತ್ತಿದ್ದರು. ಅದರ ಸ್ವಲ್ಪ ಕೆಳಗೆ, ಅವರ ತಲೆಮಾರಿನ ಎಲ್ಲರಿಗೂ ಇರುವ ಸಿಡುಬಿನ ಲಸಿಕೆಯ ದುಂಡನೆಯ ಹಳೆಯ ಗುರುತು. ಹಿಕಿಯ ಚಿತ್ರವನ್ನು ಅವರು ನೋಡಿರಲಿಲ್ಲ, ನಾನು ತೋರಿಸಿಯೂ ಇರಲಿಲ್ಲ. ಜೊತೆಗೆ ನಲವತ್ತು ಸೆಕೆಂಡಿನ ಧ್ವನಿ ಸಂದೇಶ: ನೋವು ಸ್ವಲ್ಪ ಇದೆ, ರಾತ್ರಿ ಚಳಿ ಬಂದಿತ್ತು, ಬೆಳಿಗ್ಗೆ ರೊಟ್ಟಿ ತಟ್ಟಿದೆ, ದುಡ್ಡು ಕೇಳಲಿಲ್ಲ. ಆ ಸಂಜೆಯೇ ಮೂರು ಮನೆಗಳಿಂದ ನನಗೆ ಬೇರೆಬೇರೆಯಾಗಿ ಫೋನ್ ಬಂತು. ಮೂರರಲ್ಲೂ ಯಾರಿಗೂ ಗೊತ್ತಿಲ್ಲದಂತೆ ಅತ್ತೆಯೋ ಮಾವನೋ ಇದ್ದರು. ಮೂವರ ಮೊದಲ ಪ್ರಶ್ನೆಯೂ ಒಂದೇ: 'ನಿಜವಾಗ್ಲೂ ದುಡ್ಡು ಕೇಳಲ್ವಾ?'

ಚಳಿ ಬಂದದ್ದನ್ನು ಅವರು ಮುಚ್ಚಿಡದೆ ಹೇಳಿದ್ದು ಮುಂದೆ ನಮಗೆ ನೆರವಾಯಿತು. ಏಪ್ರಿಲ್ 7ರಂದು ಆಸ್ಟ್ರಾಜೆನೆಕಾ ಲಸಿಕೆಯಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆಯಿದೆ, ಮೂವತ್ತರ ಒಳಗಿನವರಿಗೆ ಬೇರೆ ಲಸಿಕೆ ಎಂದು ಇಲ್ಲಿ ಪ್ರಕಟವಾಯಿತು. ಗುಂಪಿನಲ್ಲಿ ಅದನ್ನು ಮೊದಲು ಹಾಕಿದವಳು ನಾನೇ. ಯಾಕೆ ಹೆದರಿಸುತ್ತೀರಿ ಎಂದು ಕೆಲವರು ಬೈದರು. ಹೆದರಿಕೆ ಇನ್ನೆಲ್ಲಿಂದಲೋ ಬರುವುದಕ್ಕಿಂತ ನನ್ನಿಂದ ಬರಲಿ ಎಂದೆ. ಎಲ್ಲಿಸ್ ಕಲಿಸಿದ ಪಾಠ.

ಅಷ್ಟರಲ್ಲಿ ಊರಿಗೆ ಬೆಂಕಿ ಬಿತ್ತು. ಏಪ್ರಿಲ್ ಕೊನೆ, ಮೇ ಮೊದಲ ವಾರಗಳ ಬೆಂಗಳೂರನ್ನು ನಾನು ವಿವರಿಸಬೇಕಾಗಿಲ್ಲ. ನಮ್ಮ ಗುಂಪಿಗೆ ಹಾಸಿಗೆ, ಆಮ್ಲಜನಕ, ರೆಮ್ಡಿಸಿವಿರ್ ಸಿಗುತ್ತದೆಂಬ ನಂಬರುಗಳು ನೂರುಗಟ್ಟಲೆ ಬಂದವು. ಬಹುಪಾಲು ಸತ್ತ ನಂಬರುಗಳು, ಕೆಲವು ಮುಂಗಡ ಹಣ ನುಂಗುವ ವಂಚಕರವು. ಗಂಡನಿಗೆ ಉಸಿರಾಡಲಾಗದ ಹೆಂಗಸೊಬ್ಬಳು ಜಯನಗರದಲ್ಲಿ ಕೂತು ಅಂಥ ಎಂಬತ್ತು ನಂಬರಿಗೆ ಕರೆ ಮಾಡುವುದೆಂದರೆ ಏನೆಂದು ಯೋಚಿಸಿ. ಇಲ್ಲಿ ರಾತ್ರಿ ಒಂಬತ್ತೂವರೆಯಾದಾಗ ಅಲ್ಲಿ ನಡುರಾತ್ರಿ ಎರಡು. ಅವರು ಕುಸಿದು ಕೂತಿರುವ ಹೊತ್ತಿಗೆ ನಮ್ಮ ಊಟ ಮುಗಿದಿರುತ್ತದೆ. ಹನ್ನೊಂದು ಜನ ಸರದಿ ಹಾಕಿಕೊಂಡೆವು. ನಿಯಮ ಮೂರೇ: ನಾವೇ ಕರೆ ಮಾಡಿ ಮಾತಾಡದ ನಂಬರನ್ನು ಯಾರಿಗೂ ಕೊಡಬಾರದು, ಕೊಟ್ಟರೆ ಕೆಳಗೆ ನಮ್ಮ ಹೆಸರು, ಮಾತಾಡಿದ ಭಾರತೀಯ ಸಮಯ ಬರೆಯಬೇಕು, ಎರಡು ತಾಸಾದರೆ ಅಳಿಸಬೇಕು. ಪಟ್ಟಿ ಇಟ್ಟವರು ಅದೇ ಹಾಸನದ ಇಂಜಿನಿಯರ್. ಒಂದು ರಾತ್ರಿ ಐವತ್ಮೂರು ನಂಬರಿಗೆ ಕರೆ ಮಾಡಿ ಎರಡನ್ನು ಉಳಿಸಿಕೊಂಡೆವು. ಆ ಎರಡರಲ್ಲಿ ಒಂದು ಒಬ್ಬರಿಗೆ ದಕ್ಕಿತು. ಇನ್ನೊಬ್ಬರಿಗೆ, ನಾವು ಕರೆ ಮಾಡುವ ಹೊತ್ತಿಗೆ, ಬೇಕಾಗಿರಲಿಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ತಡೆಯುವ ಕೆಲಸ ಹೊಂದಿಸಿಕೊಳ್ಳಲೆಂದೇ ಊರಿನಲ್ಲಿ ಟೆಲಿಫೋನ್ ತಂತಿ ಎಳೆದರಂತೆ. ಮಲ್ಲೇಶ್ವರ, ಬಸವನಗುಡಿ ಹುಟ್ಟಿದ್ದು ಆ ಪ್ಲೇಗಿನಿಂದ ಎಂದು ಎಲ್ಲರೂ ಹೇಳುತ್ತಾರೆ, ಪ್ಲೇಗಮ್ಮನ ಗುಡಿಗಳೂ ಉಳಿದಿವೆ. ಆ ತಂತಿಗಳ ಮೇಲೆ ಯಾರು ಯಾರಿಗೆ ಏನು ಹೇಳಿದರು, ಅದರಲ್ಲಿ ಎಷ್ಟು ನಿಜ, ಎಷ್ಟು ವದಂತಿ, ಯಾರೂ ಬರೆದಿಟ್ಟಂತೆ ಕಾಣೆ. ನಮ್ಮ ಪಟ್ಟಿಗಳನ್ನೂ ಎರಡು ತಾಸಿಗೊಮ್ಮೆ ನಾವೇ ಅಳಿಸಿದ್ದೇವೆ.

ಗುಂಪು ಈಗ ಮತ್ತೆ ಅವರೆಕಾಳು, ಯುಗಾದಿ, ಬಾಡಿಗೆ ಮನೆಗಳ ಗುಂಪಾಗಿದೆ. ಹಾಸನದ ಅಮ್ಮ ಊರಿಗೆ ಮರಳಿದ್ದಾರೆ, ದಿನವೂ ಬೆಳಿಗ್ಗೆ ಸೂರ್ಯೋದಯದ ಚಿತ್ರ ಕಳಿಸುತ್ತಾರೆ.

2024ರ ಮೇನಲ್ಲಿ ಸಾಗರದಿಂದ ನನ್ನ ಅಣ್ಣ ಒಂದು ಸಂದೇಶ ಕಳಿಸಿದ. ಎರಡು ಬಾಣದ ಗುರುತು. ಕೋವಿಶೀಲ್ಡ್ ಹಾಕಿಸಿಕೊಂಡವರೆಲ್ಲ ಹೃದಯಾಘಾತದಿಂದ ಸಾಯುತ್ತಾರೆ, ಕಂಪನಿಯೇ ನ್ಯಾಯಾಲಯದಲ್ಲಿ ಒಪ್ಪಿಕೊಂಡಿದೆ ಎಂದು. ಕಂಪನಿ ಒಪ್ಪಿದ್ದು ಬೇರೆ, 2021ರಿಂದ ಗೊತ್ತಿದ್ದ ಆ ಅಪರೂಪದ ಹೆಪ್ಪುಗಟ್ಟುವಿಕೆಯನ್ನು. ಬೆರಳು ಲಿಂಕ್ ಹುಡುಕಲು ಹೊರಟಿತ್ತು. ತಡೆದು ಫೋನ್ ಮಾಡಿದೆ. ಹದಿನೈದು ನಿಮಿಷ ಅಡಿಕೆ ಧಾರಣೆ, ಮಳೆ, ಮಂಗಗಳ ಕಾಟ ಮಾತಾಡಿದೆವು. ಆಮೇಲೆ ಕೇಳಿದೆ, 'ಅದ್ಯಾಕೆ ಕಳಿಸಿದ್ದು ಅಣ್ಣ?'

ಸ್ವಲ್ಪ ಹೊತ್ತು ಬಿಟ್ಟು ಹೇಳಿದ. ತೋಟದ ಏರಿ ಹತ್ತುವಾಗ ಎರಡು ತಿಂಗಳಿಂದ ಎದೆ ಹಿಡಿದ ಹಾಗಾಗುತ್ತದೆ. ಅತ್ತಿಗೆಗೆ ಹೇಳಿಲ್ಲ. ಗ್ಯಾಸ್ ಇರಬೇಕು.

ಶಿವಮೊಗ್ಗಕ್ಕೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಆರೂ ಕಾಲಕ್ಕೆ ಒಂದಿದೆ ಎಂದ. ಫೋನ್ ಅತ್ತಿಗೆಗೆ ಕೊಡು ಎಂದೆ.